ಕೊಳ್ಳುವ ಸೇರು, ಕೊಡುವ ಸೇರು

ನಮ್ಮ ದೊಡ್ಡಪ್ಪನ ಮಗನಿಗೆ ಈ ವರ್ಷ ವಂಶಾಭಿಮಾನ ಬಂದಿದೆ. ಮುತ್ತಜ್ಜ ಅಂಗಡಿ ತೆರೆದು ನೂರು ವರ್ಷ ದಾಟಿ ಒಂದಿಷ್ಟು ಕಾಲವಾಯಿತು. ಶತಮಾನೋತ್ಸವ ತಡವಾದದ್ದು ಕೊರೊನಾದಿಂದಲೋ ಆಸ್ತಿ ಪಾಲಿನ ಕೇಸಿನಿಂದಲೋ ಎನ್ನುವ ವಿಷಯದಲ್ಲಿ ಮನೆಯೊಳಗೆ ಎರಡು ಪಂಗಡಗಳಿವೆ. ಅಂತೂ ಈಗ ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಫ್ಲೆಕ್ಸ್ ಬರೆಸಿಯಾಗಿದೆ. ಫ್ಲೆಕ್ಸಿನ ನಡುವೆ ಪೇಟ ಸುತ್ತಿದ ಮುತ್ತಜ್ಜ, ತಲೆಯ ಹಿಂದೆ ಕಂಪ್ಯೂಟರಿನಲ್ಲಿ ಹಚ್ಚಿದ ಪ್ರಭಾವಳಿ, ಕೆಳಗೆ ದಪ್ಪಕ್ಷರದಲ್ಲಿ ‘ಸತ್ಯದ ತಕ್ಕಡಿ’.

ಸ್ಮರಣ ಸಂಚಿಕೆಗೆ ಲೇಖನ ಬರೆಯುವ ಭಾರ ನನ್ನ ತಲೆಗೆ ಬಿತ್ತು. ಫೋನಿನಲ್ಲಿ ಹೇಳಿದ: “ಎರಡೇ ಪುಟ ಸಾಕು ಕಣೋ. ಆ ಕಾಲದ ಪ್ರಾಮಾಣಿಕತೆ, ಬಾಯಿಮಾತಿನ ನಂಬಿಕೆ, ಎಲ್ಲ ಸ್ವಲ್ಪ ಕಣ್ಣಲ್ಲಿ ನೀರು ಬರೋ ಹಾಗೆ ಬರಿ. ಆಮೇಲೆ, ನಿಮ್ಮ ಅಟ್ಟದ ಮೇಲೆ ಮುತ್ತಜ್ಜನ ಸೇರು ಇದೆಯಲ್ಲ, ಅದನ್ನ ತಂದುಕೊಡು. ಬಂದವರಿಗೆಲ್ಲ ಅದರಲ್ಲೇ ಒಂದೊಂದು ಸೇರು ರಾಗಿ ಅಳೆದು ಕೊಡೋಣ ಅಂತ.”

ಅಟ್ಟ ಹತ್ತಿದೆ. ಟ್ರಂಕಿನಲ್ಲಿ ಸೇರು ಇತ್ತು. ಒಂದಲ್ಲ, ಎರಡು.

ಎರಡೂ ಹಿತ್ತಾಳೆಯವು, ಎರಡಕ್ಕೂ ಒಂದೇ ಬಗೆಯ ಕಂಠ, ಹೊಟ್ಟೆಗೆ ಒಂದೇ ಬಗೆಯ ಮೂರು ಬಳೆ. ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ಒಂದು ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದಕ್ಕೆ ಕಿಲುಬು ಹಿಡಿದಿತ್ತು. ಅಡುಗೆಮನೆಗೆ ತಂದು ಹೊಳೆಯುವುದರ ತುಂಬ ರಾಗಿ ಸುರಿದು, ಬಾಯಿ ಸವರಿ, ಅದನ್ನು ಕಿಲುಬಿನದಕ್ಕೆ ಬಗ್ಗಿಸಿದೆ. ರಾಗಿ ಬಾಯಿಯಿಂದ ಎರಡು ಬೆರಳು ಕೆಳಗೇ ನಿಂತುಬಿಟ್ಟಿತು. ಎಲ್ಲೋ ಚೆಲ್ಲಿತೇನೋ ಎಂದು ಇನ್ನೊಮ್ಮೆ ಅಳೆದೆ. ಮತ್ತೆ ಎರಡೇ ಬೆರಳು. ಒಳಗೆ ಕೈ ಹಾಕಿ ನೋಡಿದರೆ ಹೊಳೆಯುವ ಸೇರಿನ ತಳ ಒಂದಿಷ್ಟು ಮೇಲಕ್ಕೆ ಬಂದಿದೆ, ಹೊಟ್ಟೆ ಒಳಕ್ಕೆ ಎಳೆದುಕೊಂಡವನ ಹಾಗೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮಾಡಿಕೊಟ್ಟ ಕಂಚುಗಾರನ ಕೈಗೆ ಬಂಗಾರದ ಕಡಗ ತೊಡಿಸಬೇಕು.

ಅಮ್ಮ ನೋಡಿದಳು. ತೊಂಬತ್ತಕ್ಕೆ ಹತ್ತಿರವಾದ ಅವಳಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. “ಅದು ಕೊಳ್ಳೋ ಸೇರು, ಇದು ಕೊಡೋ ಸೇರು. ಎರಡು ಸೇರಿಲ್ಲದೆ ಅಂಗಡಿ ಇಡೋಕಾಗುತ್ತೇನೋ?” ಎಂದು ರಾಗಿಯನ್ನು ಮತ್ತೆ ಡಬ್ಬಕ್ಕೆ ಸುರಿದುಕೊಂಡಳು.

ಊರಿನ ಹೆಸರು ಹೇಳುವುದಿಲ್ಲ, ಅಲ್ಲಿ ಇನ್ನೂ ನೆಂಟರಿದ್ದಾರೆ. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಯ ಮೇಲೆ ಹಾದು 1889ರಲ್ಲಿ ಹರಿಹರ ಮುಟ್ಟಿದ ಮೀಟರ್‌ಗೇಜ್ ರೈಲಿನ ಹಾದಿಯಲ್ಲಿ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ರೈಲು ಬರುವ ಮುಂಚೆ ಊರಿಗೆ ಊರೇ ಲೋಕ. ರೈಲು ಬಂದ ಮೇಲೆ ಊರಿನ ಕೊಬ್ಬರಿ, ಅಡಿಕೆ, ಹುಣಿಸೆಹಣ್ಣು ಹೊರಗೆ ಹೋದವು. ಒಳಗೆ ಬಂದದ್ದು ಸೀಮೆಎಣ್ಣೆ, ಸ್ವೀಡನ್ ಜಪಾನಿನ ಕಡ್ಡಿಪೆಟ್ಟಿಗೆ, ಆಸ್ಟ್ರಿಯಾದ ಗಾಜಿನ ಬಳೆ, ರಂಗೂನ್ ಅಕ್ಕಿ, ಬೆಳ್ಳಿಯ ಲವಲೇಶವೂ ಇಲ್ಲದ ಜರ್ಮನ್ ಬೆಳ್ಳಿ. ಮ್ಯಾಂಚೆಸ್ಟರಿನ ಪಂಚೆ ಥಾನುಗಳ ಮೇಲೆ ಲಕ್ಷ್ಮಿ, ಸರಸ್ವತಿ, ಕೃಷ್ಣ, ಹೀಗೆ ಬಣ್ಣದ ಚೀಟಿ ಅಂಟಿಸಿರುತ್ತಿದ್ದರು. ಆ ಚೀಟಿಯನ್ನು ಬಿಡಿಸಿ ಚೌಕಟ್ಟು ಹಾಕಿಸಿ ಪೂಜೆಗಿಟ್ಟ ಮನೆಗಳು ನಮ್ಮ ಬೀದಿಯಲ್ಲೇ ಇದ್ದವು. ನಮ್ಮ ದೇವರಮನೆಯ ಲಕ್ಷ್ಮಿಯ ಕಾಲಡಿಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದದ್ದು ಏಕೆಂದು ನನಗೆ ಗೊತ್ತಾಗಿದ್ದು ಕಾಲೇಜು ಸೇರಿದ ಮೇಲೆ. ಅಲ್ಲಿಯವರೆಗೆ ಅದು ಯಾವುದೋ ಬೀಜಾಕ್ಷರ ಎಂದುಕೊಂಡಿದ್ದೆ.

ಸೇರಿನ ವಿಷಯಕ್ಕೆ ಬರೋಣ. ಅಳತೆಯ ಕಥೆ ಸರಳವಾಗಿದ್ದರೆ ಮೋಸಕ್ಕೆ ಎರಡು ಸೇರು ಬೇಕಾಗುತ್ತಿರಲಿಲ್ಲ. ಕಾಳಿಗೆ ಒಂದು ಸೇರು, ಬೆಲ್ಲಕ್ಕೆ ಒಂದು ಸೇರು. ಮೊದಲಿನದು ಅಳತೆ, ಎರಡನೆಯದು ತೂಕ. ತೂಕದ ಸೇರಿನಲ್ಲೂ ಕಚ್ಚಾ, ಪಕ್ಕಾ. ಊರಿನ ಕಚ್ಚಾ ಸೇರು 24 ತೊಲ, ರೈಲಿನವರ ಪಕ್ಕಾ ಸೇರು 80 ತೊಲ. ಎರಡೂ ಕಡೆ 40 ಸೇರಿಗೆ ಒಂದು ಮಣ. ಹಾಗಾಗಿ ನಮ್ಮೂರಿನ ಮೂರು ಮಣ ಕೊಬ್ಬರಿ ಗೂಡ್ಸ್ ಷೆಡ್ಡಿಗೆ ಹೋದರೆ ಒಂದು ಮಣಕ್ಕೂ ಸಾಲುತ್ತಿರಲಿಲ್ಲ. ಗಾಡಿ ಕಟ್ಟಿಕೊಂಡು ಹೋದ ರೈತ ದಾರಿಯಲ್ಲಿ ಯಾರೋ ಕದ್ದರು ಎಂದು ಅತ್ತ ಕಥೆಯೂ ಉಂಟು. ಕದ್ದವರು ಯಾರೂ ಇಲ್ಲ, ಮಣ ಬದಲಾಗಿತ್ತು.

ಇನ್ನು ತೊಲ ಎಂದರೆ ಏನು? ಒಂದು ಬೆಳ್ಳಿ ರೂಪಾಯಿಯ ತೂಕ. ಕಲ್ಲು ಇಲ್ಲದಿದ್ದರೆ 24 ರೂಪಾಯಿ ನಾಣ್ಯ ತಟ್ಟೆಗೆ ಹಾಕಿದರೆ ಸೇರು ಆಯಿತು. ನಮ್ಮ ಮುತ್ತಜ್ಜ ಅದರಲ್ಲೂ ಎರಡು ಚೀಲ ಇಟ್ಟಿದ್ದರು. ಕೈಯಿಂದ ಕೈಗೆ ಓಡಾಡಿ ವಿಕ್ಟೋರಿಯಾ ರಾಣಿಯ ಮೂಗು ಮಾಸಿಹೋದ ರೂಪಾಯಿಗಳು ಮಾರುವ ಚೀಲಕ್ಕೆ. ಹೊಸದಾಗಿ ಬಂದ ಐದನೇ ಜಾರ್ಜಿನ ರೂಪಾಯಿಗಳು ಕೊಳ್ಳುವ ಚೀಲಕ್ಕೆ. ಸವೆದ ರಾಣಿ, ಸವೆಯದ ಮೊಮ್ಮಗ. ಸಾಮ್ರಾಜ್ಯವನ್ನು ಇಷ್ಟು ಅಚ್ಚುಕಟ್ಟಾಗಿ ಬಳಸಿಕೊಂಡವರು ವೈಸ್‌ರಾಯ್‌ಗಳಲ್ಲೂ ಕಡಿಮೆ.

ಅಳೆಯುವಾಗ ಅವರು ‘ಒಂದು’ ಎನ್ನುತ್ತಿರಲಿಲ್ಲ. ಮೊದಲ ಸೇರಿಗೆ ‘ಲಾಭ’, ಆಮೇಲೆ ಎರಡು, ಮೂರು. ಇದು ಅವರೊಬ್ಬರದಲ್ಲ, ಆ ಕಾಲದ ವಾಡಿಕೆ. ಆದರೆ ಆ ಮಾತು ಅವರ ಬಾಯಲ್ಲಿ ಬಂದಾಗ ಸತ್ಯವೇ ಆಗಿರುತ್ತಿತ್ತು. ಕೊಳ್ಳುವಾಗ ಸೇರಿನ ಮೇಲೆ ಗೋಪುರ ಏಳಬೇಕು, ಕಾಳು ಅಂಚಿನಿಂದ ಉದುರಬೇಕು, ಉದುರಿದ್ದು ಕೆಳಗೆ ಹಾಸಿದ ಗೋಣಿಯ ಮೇಲೆ ಬೀಳಬೇಕು, ಗೋಣಿ ನಮ್ಮದು. ಮಾರುವಾಗ ಬಾಯಿ ಸವರಿ ಮಟ್ಟ. ಇಷ್ಟಾದ ಮೇಲೆ ಮುತ್ತಜ್ಜನ ಕೈಚಳಕದ ಶಿಖರ: ಕೊಸರು. ಎರಡು ಬೆರಳು ಕದ್ದ ಸೇರನ್ನು ಗಿರಾಕಿಯ ಸೆರಗಿಗೆ ಸುರಿದು, ಒಂದು ಕ್ಷಣ ತಡೆದು, ಏನೋ ಮನಸ್ಸು ಕರಗಿದವರ ಹಾಗೆ ಮೂರು ಬೆರಳಲ್ಲಿ ಹಿಡಿಯುವಷ್ಟು ಕಾಳು ಮೇಲೆ ಹಾಕುತ್ತಿದ್ದರು. ಜೊತೆಗೆ ಬಂದ ಮಗುವಿನ ಕೈಗೆ ಬೆಲ್ಲದ ಚೂರು. ಆ ಹೆಂಗಸು ಬೀದಿ ಮುಗಿಯುವವರೆಗೂ ಹರಸುತ್ತಿದ್ದಳಂತೆ. ಸಂಚಿಕೆಗಾಗಿ ನನಗೆ ಬಂದಿರುವ ಇತರ ಲೇಖನಗಳಲ್ಲಿ ಮೂರು ಆ ಕೊಸರಿನ ಬಗ್ಗೆಯೇ ಇವೆ. ಸೇರಿನ ಬಗ್ಗೆ ಒಂದೂ ಇಲ್ಲ.

ಹಾಗೆಂದು ಗಿರಾಕಿಗಳು ಹಸುಳೆಗಳೇನಲ್ಲ. ಸಂತೆಯ ದಿನ ಮಾಲು ತರುತ್ತಿದ್ದ ರೈತರು ಕಡಲೆಕಾಯಿಗೆ ಮಣ್ಣು ಸೇರಿಸುತ್ತಿದ್ದರು, ಹುಣಿಸೆಹಣ್ಣಿಗೆ ನೀರು ಚಿಮುಕಿಸುತ್ತಿದ್ದರು, ತುಪ್ಪದ ಗಡಿಗೆಯ ತಳದಲ್ಲಿ ಏನಿರುತ್ತಿತ್ತೋ ಆ ಹಸುವಿಗೇ ಗೊತ್ತು. ಮುತ್ತಜ್ಜನಿಗೆ ಇದು ಗೊತ್ತಿತ್ತು. ಮುತ್ತಜ್ಜನಿಗೆ ಗೊತ್ತು ಎಂದು ರೈತನಿಗೆ ಗೊತ್ತಿತ್ತು. ಕೊಳ್ಳುವ ಸೇರಿನ ಹೊಟ್ಟೆ ದೊಡ್ಡದೆಂದು ಅವನಿಗೂ ಗೊತ್ತಿತ್ತು, ಆದ್ದರಿಂದಲೇ ಮಣ್ಣು. ನಮ್ಮ ಹಿರಿಯರು ‘ಬಾಯಿಮಾತಿನ ನಂಬಿಕೆ’ ಎಂದು ಕೊಂಡಾಡುವುದು ಇದನ್ನು. ಎದುರಿಗಿರುವವನು ಎಷ್ಟು ಮೋಸ ಮಾಡುತ್ತಾನೆ ಎಂಬ ಖಚಿತ ತಿಳಿವಳಿಕೆ ಇಬ್ಬರಿಗೂ ಇತ್ತು, ಅದಕ್ಕಿಂತ ಒಂದು ಕಾಳೂ ಹೆಚ್ಚು ಮೋಸ ಆಗುವುದಿಲ್ಲ ಎಂಬ ಭರವಸೆಯೂ ಇತ್ತು.

ಟ್ರಂಕಿನಲ್ಲಿ ಕಿರ್ದಿ ಪುಸ್ತಕಗಳೂ ಇದ್ದವು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಪ್ರತಿ ಪುಸ್ತಕದ ತಲೆಯ ಮೇಲೆ ಅರಿಸಿನ ಕುಂಕುಮ, ‘ಶ್ರೀ’. ಇಸವಿ ಇಲ್ಲ, ಸಂವತ್ಸರ: ನಳ, ಪಿಂಗಳ, ಕಾಳಯುಕ್ತಿ, ಸಿದ್ಧಾರ್ಥಿ. ಅಂದರೆ 1916ರಿಂದ 1920ರವರೆಗೆ. ಲೋಕಯುದ್ಧ, ಮಳೆ ಕೈಕೊಟ್ಟದ್ದು, ಇನ್‌ಫ್ಲುಯೆಂಜಾ, ಎಲ್ಲ ಈ ನಾಲ್ಕು ಪುಸ್ತಕದಲ್ಲಿವೆ. ಆದರೆ ಬೆಲೆಯ ರೂಪದಲ್ಲಿ ಮಾತ್ರ. ಕಾಳಯುಕ್ತಿಯ ಕಾರ್ತಿಕದಲ್ಲಿ ಬಿಳಿ ಬಟ್ಟೆಯ ಖರ್ಚು ಹೆಚ್ಚಾಗಿದೆ. ಏಕೆಂದು ಬರೆದಿಲ್ಲ. 1918ರ ಆ ತಿಂಗಳುಗಳಲ್ಲಿ ಬಿಳಿ ಬಟ್ಟೆ ಏಕೆ ಬೇಕಾಗಿತ್ತು ಎಂದು ಬರೆಯುವ ಅಗತ್ಯವೂ ಇರಲಿಲ್ಲ. ಬೆಲೆ ಮಾತ್ರ ಗಜಕ್ಕೆ ಮುಂಚಿನದಕ್ಕಿಂತ ಮೇಲಕ್ಕೆ ಹೋಗಿದೆ.

ಬಡ್ಡಿಯ ಕಾಲಮ್ಮು ಓದಲು ಬಹಳ ಸೊಗಸು. ರೂಪಾಯಿಗೆ 16 ಆಣೆ, 192 ಕಾಸು. ಬಡ್ಡಿ ‘ರೂಪಾಯಿಗೆ ತಿಂಗಳಿಗೆ ಮೂರು ಕಾಸು’. ಮೂರು ಕಾಸು ಎಂದರೆ ಎಷ್ಟು ಅಗ್ಗ ಕೇಳುತ್ತದೆ, ಮಗುವಿಗೆ ಮಿಠಾಯಿಗೆ ಕೊಡುವ ದುಡ್ಡು. ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೆ 18.75. ಇದು ಜಮೀನಿದ್ದವರಿಗೆ. ಜಮೀನಿಲ್ಲದವರಿಗೆ ‘ರೂಪಾಯಿಗೆ ಒಂದಾಣೆ’, ಅಂದರೆ ವರ್ಷಕ್ಕೆ 75. ಇಲ್ಲದವನು ಇದ್ದವನಿಗಿಂತ ನಾಲ್ಕು ಪಟ್ಟು ಕೊಡಬೇಕೆಂಬ ಅರ್ಥಶಾಸ್ತ್ರವನ್ನು ಮುತ್ತಜ್ಜ ಯಾವ ಕಾಲೇಜಿನಲ್ಲೂ ಕಲಿತಿರಲಿಲ್ಲ.

ಕಿರ್ದಿಯಲ್ಲಿ ನನಗೆ ಒಗಟಾಗಿದ್ದದ್ದು ಹೋಳಿಗೆ. ಹಬ್ಬವಲ್ಲದ ದಿನಗಳಲ್ಲಿ, ಯಾವ ಕ್ರಮವೂ ಇಲ್ಲದೆ, ‘ಹೋಳಿಗೆ ಸಾಮಾನು ರೂ. 0-5-0’ ಎಂದು ಖರ್ಚು. ಪಕ್ಕದಲ್ಲೇ ಒಬ್ಬ ಸಾಲಗಾರನ ಹೆಸರು, ‘ವಸೂಲು ರೂ. 0-4-0, ಹೆಬ್ಬೆಟ್ಟು’. ನಾಲ್ಕಾಣೆ ವಸೂಲಿಗೆ ಐದಾಣೆಯ ಹೋಳಿಗೆ ಕೊಡುವ ಪೈಕಿ ಅಲ್ಲ ಈ ಮನುಷ್ಯ. ತಿಂಗಳುಗಳನ್ನು ಎಣಿಸಿ ನೋಡಿದ ಮೇಲೆ ಬೆಳಕಾಯಿತು. ಸಾಲದ ಪತ್ರಕ್ಕೆ ಕಾಯಿದೆಯ ಪ್ರಕಾರ ಮೂರು ವರ್ಷ ವಾಯಿದೆ. ಅದು ಕಳೆದರೆ ಕೋರ್ಟಿನಲ್ಲಿ ಆ ಕಾಗದ ಪೊಟ್ಟಣ ಕಟ್ಟಲು ಮಾತ್ರ ಲಾಯಕ್ಕು. ಆದರೆ ಸಾಲಗಾರ ನಡುವೆ ಒಂದಿಷ್ಟು ಕಟ್ಟಿ ರುಜು ಹಾಕಿದನೋ, ಅಂದಿನಿಂದ ಮತ್ತೆ ಮೂರು ವರ್ಷ. ಎರಡು ವರ್ಷ ಹನ್ನೊಂದು ತಿಂಗಳಾದ ಕೂಡಲೇ ಮುತ್ತಜ್ಜನಿಗೆ ಆ ರೈತನ ಮೇಲೆ ಎಲ್ಲಿಲ್ಲದ ಮಮತೆ ಉಕ್ಕುತ್ತಿತ್ತು. ಮನೆಗೆ ಕರೆದು ಜಗಲಿಯಲ್ಲಿ ಕೂರಿಸಿ, ಎಲೆ ಹಾಕಿ, ಹೋಳಿಗೆ ತುಪ್ಪ ಬಡಿಸಿ, “ಸಾಲದ ಮಾತು ಬಿಡಪ್ಪ, ಅದು ಎಲ್ಲಿಗೆ ಹೋಗುತ್ತೆ. ಸುಮ್ಮನೆ ಶಾಸ್ತ್ರಕ್ಕೆ ಒಂದು ನಾಲ್ಕಾಣೆ ಕೊಡು, ಇಲ್ಲೊಂದು ಬೆರಳು ಒತ್ತು” ಎನ್ನುತ್ತಿದ್ದರು. ಕೈಯಲ್ಲಿ ನಾಲ್ಕಾಣೆ ಇಲ್ಲದಿದ್ದರೆ ಅದನ್ನೂ ಇವರೇ ಸಾಲ ಕೊಡುತ್ತಿದ್ದರು, ಬೇರೆ ಪುಟದಲ್ಲಿ ಬರೆದುಕೊಂಡು. ಒಂದು ಹೆಬ್ಬೆಟ್ಟಿನ ಗುರುತಿನ ಪಕ್ಕ ಎಣ್ಣೆಯ ಕಲೆ ಇನ್ನೂ ಇದೆ. ಅದು ತುಪ್ಪ.

ಕರೆದರೂ ಬಾರದವರಿಗೆ ಕಾರ್ಡು. ಆಗ ಅಂಚೆ ಕಾರ್ಡಿಗೆ ಕಾಲಾಣೆ, ಮುಚ್ಚಿದ ಲಕೋಟೆಗೆ ಅರ್ಧಾಣೆ. ಮುತ್ತಜ್ಜ ಲಕೋಟೆಗೆ ದುಡ್ಡು ಹಾಕಿದ ಒಂದೇ ಒಂದು ದಾಖಲೆ ನನಗೆ ಸಿಗಲಿಲ್ಲ, ಉಳಿತಾಯಕ್ಕಾಗಿ ಅಲ್ಲ. ‘ಉಭಯ ಕುಶಲೋಪರಿ. ತಾವು ಪಡೆದ ಐವತ್ತು ರೂಪಾಯಿ’ ಎಂದು ಶುರುವಾಗುವ ಕಾರ್ಡನ್ನು ಪೋಸ್ಟ್ ಮಾಸ್ತರು ಓದಿ, ಪೇದೆ ಓದಿ, ಹಳ್ಳಿಯ ಅರಳಿಕಟ್ಟೆಯ ಮೇಲೆ ಅಕ್ಷರ ಬಲ್ಲ ಒಬ್ಬ ಹತ್ತು ಜನರಿಗೆ ಓದಿ ಹೇಳಿ, ಕಡೆಗೆ ಸಾಲಗಾರನ ಕೈ ಸೇರುವ ಹೊತ್ತಿಗೆ ಅವನ ಮಗಳ ಸಂಬಂಧ ಮುರಿದಿರುತ್ತಿತ್ತು. ಇಷ್ಟೂ ಕೆಲಸ ಮೂರು ಕಾಸಿಗೆ. 1922ರಲ್ಲಿ ಸರ್ಕಾರ ಕಾರ್ಡಿನ ಬೆಲೆಯನ್ನು ಅರ್ಧಾಣೆಗೆ ಏರಿಸಿದಾಗ ದುಂದುಭಿ ಸಂವತ್ಸರದ ಕಿರ್ದಿಯ ಅಂಚಿನಲ್ಲಿ ಮುತ್ತಜ್ಜ ‘ಕಾರ್ಡು ದುಬಾರಿ’ ಎಂದು ಎರಡು ಗೀಟು ಎಳೆದಿದ್ದಾರೆ. ಮಹಾಯುದ್ಧಕ್ಕೆ ಒಂದು ಗೀಟೂ ಇಲ್ಲ.

ನೋಟಿನ ಪ್ರಸಂಗವನ್ನು ಬಿಡುವ ಹಾಗಿಲ್ಲ. ಯುದ್ಧದಿಂದ ಬೆಳ್ಳಿಗೆ ಬರ ಬಂದು 1917ರ ನವೆಂಬರಿನಲ್ಲಿ ಸರ್ಕಾರ ಒಂದು ರೂಪಾಯಿಯ ಕಾಗದದ ನೋಟು ತಂದಿತು. 25 ನೋಟು ಹೊಲಿದ ಪುಟ್ಟ ಪುಸ್ತಕ, ಹರಿದು ಹರಿದು ಕೊಡಬೇಕು. ಮರು ವರ್ಷ ಎರಡೂವರೆ ರೂಪಾಯಿಯ ನೋಟೂ ಬಂತು. ಜನ ನಂಬಲಿಲ್ಲ. ಕಲ್ಲಿನ ಮೇಲೆ ಎಸೆದರೆ ಠಣ್ ಎನ್ನದ ವಸ್ತುವನ್ನು ರೂಪಾಯಿ ಎನ್ನುವುದು ಹೇಗೆ? ಅಂಗಡಿಯವರು ವಟ್ಟ ಹಿಡಿಯತೊಡಗಿದರು. ಆದರೆ ನಮ್ಮ ಅಂಗಡಿಯಲ್ಲಿ ಎದ್ದ ತೊಡಕು ಹಣಕಾಸಿನದಲ್ಲ, ಧರ್ಮಶಾಸ್ತ್ರದ್ದು.

ಊರ ಹೊರಗಿನ ಕೇರಿಯವರು ಜಗಲಿ ಹತ್ತುವಂತಿರಲಿಲ್ಲ. ಅಂಗಳದಲ್ಲಿ ನಿಂತು ಬೇಕಾದ್ದು ಕೂಗಬೇಕು. ನಾಣ್ಯವನ್ನು ಮೆಟ್ಟಿಲ ಪಕ್ಕದ ಚಪ್ಪಡಿಯ ಮೇಲಿಡಬೇಕು. ಅಂಗಡಿಯ ಹುಡುಗ ಚೊಂಬಿನಿಂದ ನೀರು ಹನಿಸಿ ಅದನ್ನು ಎತ್ತಿ ಗಲ್ಲಾಪೆಟ್ಟಿಗೆಗೆ ಹಾಕಬೇಕು. ಸಾಮಾನನ್ನು ಮೇಲಿನಿಂದ ಸೆರಗಿಗೆ ಬಿಡಬೇಕು. ಬೆಳ್ಳಿ, ತಾಮ್ರ, ನಿಕ್ಕಲ್ ಎಲ್ಲಕ್ಕೂ ನೀರು ಸಾಕಾಗುತ್ತಿತ್ತು. ಕೋಲಾರದ ಚಿನ್ನದ ಗಣಿಗೆ ಕೂಲಿಗೆ ಹೋಗಿದ್ದ ಮಗ ಕಳಿಸಿದ ಮನಿಯಾರ್ಡರಿನ ದುಡ್ಡನ್ನು ಒಬ್ಬ ಮುದುಕ ಒಂದು ದಿನ ತಂದು ಚಪ್ಪಡಿಯ ಮೇಲಿಟ್ಟ: ಒಂದು ನೋಟು. ಹುಡುಗ ಚೊಂಬು ಎತ್ತಿದವನು ಹಾಗೇ ನಿಂತ. ನೀರು ಹಾಕಿದರೆ ರೂಪಾಯಿ ಹೋಗುತ್ತದೆ. ಹಾಕದಿದ್ದರೆ ಧರ್ಮ ಹೋಗುತ್ತದೆ.

ಈ ಕಥೆಯನ್ನು ನಮ್ಮ ತಾತ ಹೇಳುತ್ತಿದ್ದದ್ದು ತನ್ನ ತಂದೆಯ ಜಾಣ್ಮೆಗೆ ಉದಾಹರಣೆಯಾಗಿ, ನಗುತ್ತ ನಗುತ್ತ. ನಾವೂ ನಗುತ್ತಿದ್ದೆವು. ಮುತ್ತಜ್ಜ ಗಾದಿಯಿಂದ ಏಳಲೇ ಇಲ್ಲವಂತೆ. ಅರೆಗಳಿಗೆ ಕಣ್ಣು ಮುಚ್ಚಿ, ರೇಷ್ಮೆಗೂ ಕಾಗದಕ್ಕೂ ಮೈಲಿಗೆ ತಟ್ಟುವುದಿಲ್ಲವೆಂದು ಅಪ್ಪಣೆ ಕೊಟ್ಟರು. ಯಾವ ಗ್ರಂಥದ ಯಾವ ಪುಟದಲ್ಲಿದೆ ಎಂದು ಕೇಳುವಷ್ಟು ಧೈರ್ಯ ಪುರೋಹಿತರಿಗೂ ಇರಲಿಲ್ಲ, ಅವರದೂ ಖಾತೆ ಇತ್ತು. ನೋಟು ಒಣಗಿದ್ದಂತೆಯೇ ಒಳಗೆ ಹೋಯಿತು. ಬೀದಿಯವರಿಗೆ ವಟ್ಟ ಅರ್ಧಾಣೆ, ಮುದುಕನಿಗೆ ಒಂದಾಣೆ. ಆ ಒಂದಾಣೆಯನ್ನು ಚಿಲ್ಲರೆಯಲ್ಲೇ ಮುರಿದುಕೊಂಡರು. ಅದು ಗಲ್ಲಾಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ, ಆದ್ದರಿಂದ ಮೈಲಿಗೆಯ ಪ್ರಶ್ನೆ ಹುಟ್ಟಲೇ ಇಲ್ಲ.

ಮೇಲೆ ನಾನು ಬರೆದ ‘ಇಬ್ಬರಿಗೂ ಗೊತ್ತಿತ್ತು’ ಎಂಬ ಮಾತಿಗೆ ಇಲ್ಲಿ ತಿದ್ದುಪಡಿ ಬೇಕು. ಜಗಲಿಯ ಮೇಲೆ ಕೂತ ರೈತನಿಗೆ ಸೇರಿನ ಬಾಯಿ ಕಾಣುತ್ತಿತ್ತು, ತಕ್ಕಡಿಯ ಮುಳ್ಳು ಕಾಣುತ್ತಿತ್ತು, ಕೂಗಾಡುವ ಹಕ್ಕಿತ್ತು. ಅಂಗಳದಲ್ಲಿ ನಿಂತವನಿಗೆ ಕಾಣುತ್ತಿದ್ದದ್ದು ಮುತ್ತಜ್ಜನ ಮಂಡಿ.

ಇಷ್ಟಿದ್ದೂ ಅವರು ಧರ್ಮಿಷ್ಠರು, ಇದರಲ್ಲಿ ಎರಡು ಮಾತಿಲ್ಲ. ಕಿರ್ದಿಯಲ್ಲಿ ‘ಧರ್ಮ’ ಎಂಬ ಪ್ರತ್ಯೇಕ ಖಾತೆಯೇ ಇದೆ. ಮಾರಲು ಬಂದ ರೈತನ ಪ್ರತಿ ಮೂಟೆಯಿಂದ ಧರ್ಮಕ್ಕೆಂದು ಒಂದು ಸೇರು ತೆಗೆಯುವುದು ಮಂಡಿಯ ಪದ್ಧತಿ. ಆ ಸೇರನ್ನು ಯಾವ ಸೇರಿನಿಂದ ಅಳೆಯುತ್ತಿದ್ದರೆಂದು ನಾನು ಹೇಳಬೇಕಾಗಿಲ್ಲ. ಹಾಗೆ ರೈತರ ರಾಗಿಯಿಂದ ಕೂಡಿದ ಪುಣ್ಯದಲ್ಲಿ ಬೇಸಿಗೆಗೆ ಅರವಟ್ಟಿಗೆ ನಡೆಯಿತು, ಛತ್ರಕ್ಕೆ ಕಂಬ ನಿಂತಿತು, ಕಂಬದ ಮೇಲೆ ಮುತ್ತಜ್ಜನ ಹೆಸರು ಮೂಡಿತು. ಅರವಟ್ಟಿಗೆಯಲ್ಲೂ ಅಂಗಡಿಯದೇ ಶಿಸ್ತು: ಕೆಲವರಿಗೆ ಲೋಟ, ಕೆಲವರಿಗೆ ಬೊಗಸೆ, ಕೆಲವರಿಗೆ ಆರಡಿ ಬಿದಿರ ದಬ್ಬೆಯ ಆ ತುದಿ. ನೀರು ಮಾತ್ರ ಎಲ್ಲರಿಗೂ ಪುಕ್ಕಟೆ.

ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು ಬಂದದ್ದು 1905ರಲ್ಲಿ. ಬಡವರನ್ನು ಬಡ್ಡಿಯವರ ಕೈಯಿಂದ ಬಿಡಿಸುವ ಉದಾತ್ತ ಉದ್ದೇಶ. ನಮ್ಮೂರಿಗೂ ಸಂಘ ಬಂತು, ಬಡ್ಡಿ ವ್ಯವಹಾರದ ಅನುಭವ ಯಾರಿಗಿದೆ ಎಂದು ಅಧಿಕಾರಿಗಳು ವಿಚಾರಿಸಿದರು, ಮುತ್ತಜ್ಜ ನಿರ್ದೇಶಕರಾದರು. ಮುಂದಿನದನ್ನು ಬರೆಯುವುದು ಓದುಗರ ಬುದ್ಧಿಗೆ ಅವಮಾನ.

ಟ್ರಂಕಿನ ತಳದಲ್ಲಿ ಹಳೇ ಸೀರೆಯಲ್ಲಿ ಸುತ್ತಿದ್ದ ಒಂದು ಕಿರೀಟ ಸಿಕ್ಕಿತು. ರಟ್ಟಿನದು, ಮೇಲೆ ಜರಿ ಕಾಗದ, ಗಾಜಿನ ಕೆಂಪು. ಸಿದ್ಧಾರ್ಥಿ ಸಂವತ್ಸರದ ಕಿರ್ದಿಯಲ್ಲಿ ಅದರ ಜಾತಕವಿದೆ: ‘ನಾಟಕದವರು. ಹರಿಶ್ಚಂದ್ರನ ಕಿರೀಟ 1. ಅಡವು. ರೂ. 4-0-0.’ ಸುಗ್ಗಿ ಮುಗಿದ ಮೇಲೆ ಊರಿಗೆ ಬರುತ್ತಿದ್ದ ಡೇರೆ ನಾಟಕಗಳಲ್ಲಿ ಒಂದು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಊರಿನಲ್ಲಿ ಯಾರು ಯಾರೆಂಬುದನ್ನು ತಿಳಿಯಲು ಜನಗಣತಿಗಿಂತ ನಂಬಲರ್ಹ. ಮಳೆ ಬಂದು ಎರಡು ವಾರ ಆಟ ನಿಂತು, ಅಕ್ಕಿ ಬೇಳೆಯ ಸಾಲ ಬೆಳೆದು, ಕಡೆಗೆ ಸತ್ಯಸಂಧನ ಕಿರೀಟ ಎರಡು ಸೇರಿನ ಅಂಗಡಿಯಲ್ಲಿ ಅಡವಾಯಿತು. ಆಟಕ್ಕೇನೂ ತೊಂದರೆಯಾಗಲಿಲ್ಲವಂತೆ. ರಾಜ್ಯ ಕಳೆದುಕೊಂಡ ಮೇಲಿನ ದೃಶ್ಯಗಳಿಗೆ ಕಿರೀಟ ಬೇಡ. ಹರಿಶ್ಚಂದ್ರ ಆ ವರ್ಷ ನಮ್ಮೂರಿನಲ್ಲಿ ಮೊದಲಿನಿಂದಲೂ ಬರಿದಲೆಯಲ್ಲೇ ಸತ್ಯ ಹೇಳಿದ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಮುತ್ತಜ್ಜ ಶ್ಮಶಾನದ ದೃಶ್ಯಕ್ಕೆ ಗಳಗಳ ಅತ್ತರು ಎಂದು ಊರಿನಲ್ಲಿ ಹೇಳುತ್ತಾರೆ. ಅತ್ತಿರಲೂಬಹುದು. ಕಂಪನಿ ಮರಳಿ ಬರಲಿಲ್ಲ, ಬಡ್ಡಿ ಇನ್ನೂ ನಡೆಯುತ್ತಿದೆ.

ಮುತ್ತಜ್ಜನ ಲೆಕ್ಕವೆಲ್ಲ ಗಟ್ಟಿ ರಟ್ಟಿನ ಪುಸ್ತಕದಲ್ಲಿದ್ದರೆ ಮುತ್ತಜ್ಜಿಯ ಲೆಕ್ಕ ಇದ್ದದ್ದು ಹಿತ್ತಲ ಗೋಡೆಯ ಮೇಲೆ. ಮುಂಬಾಗಿಲಿನ ವ್ಯಾಪಾರ ಗಂಡಸರದು, ಹಿತ್ತಿಲಿನದು ಹೆಂಗಸರದು. ಮಜ್ಜಿಗೆ, ಉಪ್ಪಿನಕಾಯಿ, ಒಂದು ಅಚ್ಚೇರು ಅಕ್ಕಿ, ಒಂದು ಪಾವು ಎಣ್ಣೆ, ಗಂಡನಿಗೆ ತಿಳಿಯದಂತೆ ಕೊಡುವ ಎಂಟಾಣೆ ಕೈಗಡ. ಓದು ಬರಹ ಬಾರದ ಮುತ್ತಜ್ಜಿ ಇದ್ದಿಲು ತೆಗೆದು ಗೋಡೆಗೆ ಗೀಟು ಹಾಕುತ್ತಿದ್ದಳು: ಅಡ್ಡ ಗೀಟು ಅಕ್ಕಿಗೆ, ಉದ್ದ ಗೀಟು ದುಡ್ಡಿಗೆ, ಸೊನ್ನೆ ತುಪ್ಪಕ್ಕೆ. ಯಾರದು ಯಾವ ಗೀಟು ಎಂದು ಅವಳಿಗೆ ಮಾತ್ರ ಗೊತ್ತು. ಯುಗಾದಿಗೆ ಮನೆಗೆಲ್ಲ ಸುಣ್ಣ ಬಳಿಯುವಾಗ ಆ ಗೋಡೆಗೂ ಬಳಿಯುತ್ತಿದ್ದರು. ಉಳಿದ ಬಾಕಿಯೆಲ್ಲ ಸುಣ್ಣದಡಿಗೆ. ನಮ್ಮ ತಾಲ್ಲೂಕಿನ ಮೊದಲ ಸಾಲಮನ್ನಾ ನಡೆದದ್ದು ಹಾಗೆ, ವರ್ಷಕ್ಕೊಂದು ಬಾರಿ, ಯಾವ ಮಂತ್ರಿಯ ಭಾಷಣವೂ ಇಲ್ಲದೆ. ಇದನ್ನು ನಾನು ಅಜ್ಜಿಯ ಕರುಣೆ ಎಂದು ಬರೆಯುವವನಿದ್ದೆ. ಅಮ್ಮ ತಡೆದಳು. “ಕರುಣೆ ಏನು ಬಂತು, ಸುಣ್ಣದ ಹಿಂದಿನ ದಿನ ಬಾಗಿಲು ಬಾಗಿಲಿಗೆ ಹೋಗಿ ವಸೂಲು ಮಾಡ್ಕೊಂಡು ಬರೋಳು. ಆಗದಿದ್ದದ್ದು ಮಾತ್ರ ಬಿಡೋಳು” ಎಂದಳು. ಸರಿ, ಅದನ್ನೂ ಬರೆದಿದ್ದೇನೆ.

ಸ್ಮರಣ ಸಂಚಿಕೆಯಲ್ಲಿ ಮುತ್ತಜ್ಜಿಯ ಚಿತ್ರವಿಲ್ಲ. ಅವಳ ಫೋಟೋ ಯಾರೂ ತೆಗೆಸಿರಲಿಲ್ಲ. ಹಿತ್ತಲ ಗೋಡೆಯನ್ನು ಪಾಲಿನ ಕೇಸಿನಲ್ಲಿ ಆ ಭಾಗ ಸಿಕ್ಕವರು ಕೆಡವಿ ಬೋರ್‌ವೆಲ್ ಕೊರೆಸಿದ್ದಾರೆ.

ನನ್ನ ಲೇಖನ ಎರಡು ಪುಟ ಮೀರಿತು. ಮೇಲಾಗಿ ಕಣ್ಣಲ್ಲಿ ನೀರು ಬರುವ ಹಾಗಿಲ್ಲವೆಂದು ಸಂಪಾದಕ ಮಂಡಲಿ, ಅಂದರೆ ದೊಡ್ಡಪ್ಪನ ಮಗನ ಹೆಂಡತಿ, ವಾಪಸು ಕಳಿಸಿದರು. ಸೇರಾದರೂ ಕೊಡೋಣವೆಂದು ಎರಡನ್ನೂ ಚೀಲದಲ್ಲಿಟ್ಟುಕೊಂಡು ಹೋದೆ. ಕಲ್ಯಾಣ ಮಂಟಪದಲ್ಲಿ ರಾಗಿಯ ಮೂಟೆ ಬಂದಿಳಿದಿತ್ತು, ಹಂಚುವ ಪುಟ್ಟ ಚೀಲಗಳ ಮೇಲೂ ಮುತ್ತಜ್ಜ, ಪ್ರಭಾವಳಿ ಸಮೇತ. ಅಣ್ಣ ಎರಡು ಸೇರನ್ನೂ ಮೇಜಿನ ಮೇಲಿಟ್ಟು ನೋಡಿದ. ಕಿಲುಬಿನದನ್ನು ಕೈಗೆತ್ತಿಕೊಂಡ. ನನಗೆ ಒಳಗೇ ಒಂದು ಸಣ್ಣ ಸಂತೋಷವಾಯಿತು. ನೂರು ವರ್ಷದ ಮೇಲಾದರೂ ಈ ಊರಿನವರಿಗೆ ದೊಡ್ಡ ಸೇರಿನಲ್ಲಿ ನಮ್ಮ ಮನೆಯಿಂದ ರಾಗಿ ಹೋಗಲಿ ಎಂದು.

ಅವನು ಅದನ್ನು ರಾಗಿಗೆ ಅದ್ದಿ ತುಂಬಿ, ಪುಟ್ಟ ಚೀಲಕ್ಕೆ ಸುರಿದ. ಚೀಲದ ಬಾಯಿ ಕಟ್ಟಲು ಜಾಗ ಉಳಿಯಲಿಲ್ಲ. ಇನ್ನೊಂದನ್ನು ತುಂಬಿ ಬೇರೆ ಚೀಲಕ್ಕೆ ಸುರಿದ. ಎರಡು ಚೀಲವನ್ನೂ ಎರಡು ಕೈಯಲ್ಲಿ ತೂಗಿ ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಹುಡುಗನನ್ನು ಕೂಗಿದ:

“ಲೋ, ಈ ಹೊಳೆಯೋದನ್ನ ಸ್ಟೇಜಿನ ಮೇಲಿಡು. ಆ ದೊಡ್ಡದು ಬೇಡ, ರಾಗಿ ಜಾಸ್ತಿ ಹಿಡಿಯುತ್ತೆ.”